ಕಡಲೆಯ ಮೂತಿಯಲ್ಲೊಂದು ತೂತು

ಹೋದ ತಿಂಗಳು ಈ ಅಂಕಣದಲ್ಲಿ ಹೂವು ಕಾಯಿಯಾಗುವ ಕಥೆ ಬರೆಯುವಾಗ ‘ಭ್ರೂಣಚೀಲ’ ಅನ್ನೋ ಪದವನ್ನು ಒಂದೇ ಸಾಲಿನಲ್ಲಿ ಹಾಕಿ ಮುಂದೆ ಹೋಗಿಬಿಟ್ಟಿದ್ದೆ. ಜಾಗ ಸಾಲಲಿಲ್ಲ, ಅಷ್ಟೇ. ಓದುಗರು ಬಿಡಬೇಕಲ್ಲ! ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ.

ಪ್ರಶ್ನೆ: ಟೀಚರೇ, ಮಗಳು ಹನ್ನೆರಡನೇ ಕ್ಲಾಸು. ಪುಸ್ತಕದಲ್ಲಿ ಅಂಡಕದ ಚಿತ್ರ ಇದೆ. ನಡುವೆ ಭ್ರೂಣಚೀಲ, ಸುತ್ತ ಒಂದರ ಮೇಲೊಂದು ಗೋಡೆ. ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ. ‘ಇಷ್ಟೊಂದು ಗೋಡೆ ಯಾಕಮ್ಮಾ?’ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಯಲ್ಲೇ ಏನಾದರೂ ತೋರಿಸಬಹುದಾ? – ಒಬ್ಬ ತಾಯಿ, ಡೊಂಬಿವಿಲಿ

ಉತ್ತರ: ಖಂಡಿತ ತೋರಿಸಬಹುದು. ಮೊದಲು ಬೆಂಡೆಕಾಯಿ. ಕಿರುಬೆರಳಿಗಿಂತ ಸಣ್ಣ, ಎಳೇ ಬೆಂಡೆ ಒಂದು ಸಿಕ್ಕರೆ ಸಾಕು. ಉದ್ದಕ್ಕೆ ಸೀಳಿ. ಒಳಗೆ ಸಾಲಾಗಿ ಮುತ್ತಿನಂಥ ಬಿಳಿ ಕಾಳು ಕೂತಿರುತ್ತವೆ. ಒಂದನ್ನು ಸೂಜಿಯ ತುದಿಯಿಂದ ಮೆಲ್ಲಗೆ ಎತ್ತಿ ನೋಡಿದರೆ, ಅದು ಪುಟ್ಟ ತೊಟ್ಟಿನಿಂದ ನಡುವಿನ ಕಂಬಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ಹೂವು ಅರಳಿದ ದಿನ ಈ ಕಾಳು ಇನ್ನೂ ಸಣ್ಣದಿತ್ತು, ಆಗ ಅದರ ಹೆಸರು ಅಂಡಕ. ಆ ಅಂಡಕದ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಇರುವುದೇ ಭ್ರೂಣಚೀಲ. ಸಾಮಾನ್ಯವಾಗಿ ಅದರಲ್ಲಿ ಏಳು ಜೀವಕೋಶ, ಎಂಟು ಕೋಶಕೇಂದ್ರ. ಲೆಕ್ಕ ತಪ್ಪಿಲ್ಲ, ನಡುವಿನ ದೊಡ್ಡ ಕೋಶದಲ್ಲಿ ಎರಡು ಇರುತ್ತವೆ. ಮುಂದೆ ಗಿಡವಾಗುವ ಅಂಡವೂ ಈ ಏಳರಲ್ಲಿ ಒಂದು.

ಇನ್ನು ಗೋಡೆಗಳು. ನಮ್ಮ ಬಿಲ್ಡಿಂಗಿಗೆ ಹೊರಗಿನಿಂದ ಬಂದಂತೆ ಬನ್ನಿ. ಬೆಂಡೆಕಾಯಿಯ ಹಸಿರು ಗೋಡೆ, ಅಂದರೆ ಅಂಡಾಶಯದ ಗೋಡೆ, ಅದು ಸೊಸೈಟಿಯ ಕಾಂಪೌಂಡು. ಕಾಳಿನ ಮೇಲೆ ಹೊರಕವಚ, ಅದು ಸೇಫ್ಟಿ ಡೋರು. ಅದರೊಳಗೆ ಒಳಕವಚ, ಮನೆಯ ಬಾಗಿಲು. ಪುಸ್ತಕದಲ್ಲಿ ಇವೆರಡಕ್ಕೆ ಇಂಟೆಗ್ಯುಮೆಂಟ್ ಅಂತ ಇರುತ್ತದೆ. ಅದರೊಳಗೆ ನ್ಯೂಸೆಲ್ಲಸ್ ಅನ್ನೋ ಮೆತ್ತನೆಯ ಅಂಗಾಂಶ, ಅದನ್ನು ಅಡುಗೆಮನೆ ಅಂತಲೇ ಅನ್ನಿ. ಆಮೇಲೆ ಭ್ರೂಣಚೀಲದ್ದೇ ತೆಳು ಗೋಡೆ. ಚೀಲದೊಳಗಿನದು ಬಿಟ್ಟು ಇಲ್ಲಿ ಹೇಳಿದ ಅಷ್ಟೂ ಪದರ ತಾಯಿಗಿಡದ ಮೈ. ಅಪ್ಪನ ಪಾಲು, ಅಂದರೆ ಪರಾಗದ ಪಾಲು, ಅದರಲ್ಲಿ ಏನೂ ಇಲ್ಲ.

ಎಲ್ಲ ಹೂವಿಗೂ ಎರಡು ಕವಚ ಇರಬೇಕು ಅಂತಿಲ್ಲ. ಬದನೆ, ಟೊಮೆಟೊ, ಸೂರ್ಯಕಾಂತಿಗೆ ಒಂದೇ. ಅಲ್ಲಿ ನ್ಯೂಸೆಲ್ಲಸ್ ಕೂಡ ತೀರಾ ತೆಳು, ಬೇಗ ಕರಗಿಹೋಗುತ್ತದೆ. ಆಗ ಕವಚದ ಒಳಮೈಯ ಕೋಶಗಳೇ ಭ್ರೂಣಚೀಲಕ್ಕೆ ಅಂಟಿ ನಿಂತು ಊಟ ಬಡಿಸುವ ಕೆಲಸ ಮಾಡುತ್ತವೆ. ಹಾಗಾಗಿ ಗೋಡೆ ಅಂದರೆ ಕಾವಲು ಮಾತ್ರ ಅಂದುಕೊಳ್ಳಬೇಡಿ. ಮಗಳಿಗೆ ಇದನ್ನು ಮೊದಲು ಹೇಳಿ. ಪರೀಕ್ಷೆಯಲ್ಲಿ ‘ರಕ್ಷಣೆಗಾಗಿ’ ಅಂತ ಒಂದೇ ಪದ ಬರೆದು ಬಂದ ಎಷ್ಟೋ ಮಕ್ಕಳಿಗೆ ನಾನೇ ಅರ್ಧ ಅಂಕ ಕತ್ತರಿಸಿದ್ದೇನೆ.

ಈಗ ಎರಡನೇ ಪ್ರಯೋಗ, ನನಗೆ ತುಂಬಾ ಇಷ್ಟವಾದದ್ದು. ಒಂದು ಮುಷ್ಟಿ ಕಡಲೆ ರಾತ್ರಿ ನೆನೆಹಾಕಿ. ಕಾಬೂಲಿ ಆದರೂ ನಡೆಯುತ್ತದೆ. ಬೆಳಿಗ್ಗೆ ಒಂದು ಕಾಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಒಂದು ಹನಿಯೂ ಇರಬಾರದು. ಕಡಲೆಗೆ ಗಿಳಿಯ ಕೊಕ್ಕಿನಂಥ ಮೂತಿ ಇದೆಯಲ್ಲ, ಅದು ನಿಮ್ಮ ಕಡೆಗಿರುವ ಹಾಗೆ ಹಿಡಿದು ಎರಡು ಬೆರಳಿನಿಂದ ಮೆಲ್ಲಗೆ ಹಿಸುಕಿ. ಮೂತಿಯ ಹತ್ತಿರದಿಂದ ಒಂದು ಸೂಜಿಮೊನೆಯಷ್ಟು ನೀರು ಉಕ್ಕಿ ಬಂದು ಮಣಿಯಂತೆ ನಿಲ್ಲುತ್ತದೆ. ಸುಮ್ನೆ ಎಲ್ಲಿಂದಲೋ ಬಂದದ್ದಲ್ಲ ಅದು. ಅಲ್ಲೊಂದು ತೂತಿದೆ. ಮೈಕ್ರೋಪೈಲ್ ಅಂತ ಅದರ ಹೆಸರು. ಕವಚಗಳು ಅಂಡಕವನ್ನು ಸುತ್ತಿಕೊಂಡು ಬೆಳೆಯುವಾಗ ತುದಿಯಲ್ಲಿ ಬೇಕೆಂದೇ ಬಿಟ್ಟ ಬಾಗಿಲು. ಹೂವಾಗಿದ್ದಾಗ ಸಾಮಾನ್ಯವಾಗಿ ಪರಾಗನಳಿಕೆ, ಅಂದರೆ ಪರಾಗದ ಕಣದಿಂದ ಬೆಳೆದು ಬರುವ ಸಣ್ಣ ಕೊಳವೆ, ಒಳಗೆ ಬರುವುದು ಇಲ್ಲಿಂದಲೇ. ಬೀಜವಾದ ಮೇಲೆ ನೀರು ಹೋಗುವುದಕ್ಕೂ ಆಯಿತು. ಮೊಳಕೆ ಬರುವಾಗ ಬೇರಿನ ತುದಿಯೂ ಇದೇ ಕಡೆಗೆ ಮುಖ ಮಾಡಿರುತ್ತದೆ.

ಪುಸ್ತಕದ ಚಿತ್ರದಲ್ಲಿ ಕಾಣದ ಇನ್ನೊಂದು ಗೋಡೆ ಇದೆ. ಭ್ರೂಣಚೀಲ ಹುಟ್ಟುವುದಕ್ಕೂ ಮುಂಚಿನದು. ಅಂಡಕದೊಳಗೆ ಒಂದು ಕೋಶ ದೊಡ್ಡದಾಗಿ ಬೆಳೆದು, ತನ್ನ ಸುತ್ತ ಕ್ಯಾಲೋಸ್ ಅನ್ನೋ ವಸ್ತುವಿನ ಗೋಡೆ ಕಟ್ಟಿಕೊಳ್ಳುತ್ತದೆ. ಗಿಡಕ್ಕೆ ಗಾಯವಾದಾಗ ರಸ ಹರಿಯುವ ನಳಿಕೆಗಳನ್ನು ಮುಚ್ಚುವುದೂ ಇದೇ ಕ್ಯಾಲೋಸ್. ಒಳಗೆ ಕೂತ ಕೋಶ ಅಕ್ಕಪಕ್ಕದವರ ಜೊತೆ ವ್ಯವಹಾರ ಕಡಿದುಕೊಂಡು ನಾಲ್ಕಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಮೂರು ಸಾಯುತ್ತವೆ, ಒಂದು ಉಳಿಯುತ್ತದೆ. ಉಳಿಯುವುದು ಬಾಗಿಲಿನಿಂದ ದೂರ, ಊಟ ಬರುವ ಬುಡದ ಕಡೆಯದು. ಯಾವುದು ಉಳಿಯಲಿದೆಯೋ ಅದರ ಸುತ್ತಲಿನ ಕ್ಯಾಲೋಸ್ ಮೊದಲು ಕರಗುತ್ತದೆ. ಸಾಯುವವುಗಳ ಗೋಡೆ ಹಾಗೇ ನಿಂತಿರುತ್ತದೆ. ನಾಲ್ಕೂ ಬದುಕಿ ಒಟ್ಟಿಗೆ ಸೇರಿಯೇ ಭ್ರೂಣಚೀಲ ಆಗುವ ಹೂಗಳೂ ಇವೆ, ಲಿಲ್ಲಿ ಅಂಥದ್ದು. ಅಲ್ಲಿ ಈ ಕ್ಯಾಲೋಸ್ ಗೋಡೆಯೇ ಏಳುವುದಿಲ್ಲ. ಬೇರ್ಪಡಿಸಬೇಕಾದವರು ಯಾರೂ ಇಲ್ಲದಿದ್ದರೆ ಗೋಡೆ ಯಾಕೆ, ಅಲ್ವಾ?

ಪ್ರಶ್ನೆ: ಅಷ್ಟು ಗೋಡೆ ಇದ್ದ ಮೇಲೆ ಪರಾಗನಳಿಕೆಗೆ ಆ ಸಣ್ಣ ತೂತು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಅದಕ್ಕೇನು ಕಣ್ಣಿದೆಯೇ? – ವಿದ್ಯಾರ್ಥಿ, ಪುಣೆ

ಉತ್ತರ: ಕಣ್ಣಿಲ್ಲ, ವಾಸನೆ ಹಿಡಿದು ಬರುತ್ತದೆ ಅನ್ನಬಹುದು. ಒಳಗಿನಿಂದ ಯಾರೋ ಕರೆಯುತ್ತಾರೆ ಅನ್ನೋ ಅನುಮಾನ ಹಳೆಯದು. ಆದರೆ ಕರೆಯುವವರನ್ನು ಹಿಡಿಯುವುದು ಹೇಗೆ? ಸುತ್ತ ಗೋಡೆ. ಗೋಡೆ ಒಡೆದರೆ ಒಳಗಿನದೂ ಹಾಳು.

ಉಪಾಯ ಸಿಕ್ಕಿದ್ದು ಟೊರೇನಿಯಾ ಗಿಡದಲ್ಲಿ. ಹೆಸರು ಕೇಳಿಲ್ಲದಿರಬಹುದು, ಹೂವು ನೋಡಿರುತ್ತೀರಿ. ಮಳೆಗಾಲದಲ್ಲಿ ನರ್ಸರಿಯವರು ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಮಾರುತ್ತಾರೆ, ನೇರಳೆ ತುಟಿಯ ಹೂವು, ಕೆಳತುಟಿಯಲ್ಲಿ ಒಂದು ಹಳದಿ ಚುಕ್ಕೆ. ನಮ್ಮ ಗ್ರಿಲ್ಲಿನಲ್ಲೂ ಒಂದಿತ್ತು, ಪಾರಿವಾಳಗಳು ಉಳಿಸಲಿಲ್ಲ. ಈ ಗಿಡದ ವಿಶೇಷ ಏನಂದರೆ, ಇದರ ಭ್ರೂಣಚೀಲ ಗೋಡೆಯೊಳಗೆ ಸುಮ್ಮನೆ ಕೂರುವುದಿಲ್ಲ. ಮೈಕ್ರೋಪೈಲ್‌ನಿಂದ ತಲೆ ಹೊರಗೆ ಹಾಕಿ ನಿಂತಿರುತ್ತದೆ, ಕಿಟಕಿಯಿಂದ ಇಣುಕುವ ಅಜ್ಜಿಯ ಹಾಗೆ. ಹಾಗಾಗಿ ಅಂಡ ಮತ್ತು ಅದರ ಅಕ್ಕಪಕ್ಕದ ಎರಡು ಸಹಾಯಕ ಕೋಶಗಳು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತವೆ. ಜಪಾನಿನ ತೆತ್ಸುಯಾ ಹಿಗಾಶಿಯಾಮಾ ಮತ್ತು ಜೊತೆಗಾರರು ಲೇಸರಿನಿಂದ ಒಂದೊಂದೇ ಕೋಶವನ್ನು ಸುಟ್ಟು ನೋಡಿದರು. ಅಂಡವನ್ನು ಸುಟ್ಟರೂ ನಳಿಕೆ ಬಂತು. ಎರಡೂ ಸಹಾಯಕ ಕೋಶಗಳನ್ನು ಸುಟ್ಟಾಗ ಬರಲಿಲ್ಲ. 2001ರಲ್ಲಿ ಇದು ಪ್ರಕಟವಾಯಿತು. 2009ರಲ್ಲಿ ಆ ಕೋಶಗಳು ಹೊರಗೆ ಬಿಡುವ ಸಣ್ಣ ಪ್ರೋಟೀನುಗಳನ್ನೇ ಹಿಡಿದು ‘ಲೂರ್’ ಅಂತ ಹೆಸರಿಟ್ಟರು. ಮೀನು ಹಿಡಿಯುವವರ ಭಾಷೆಯಲ್ಲಿ ಹೇಳಿದರೆ ಗಾಳಕ್ಕೆ ಸಿಕ್ಕಿಸಿದ ಎರೆ.

ಇನ್ನೂ ಒಂದು ಚೆಂದ ಇದೆ. ಈ ಸಹಾಯಕ ಕೋಶಗಳ ಗೋಡೆ ಬಾಗಿಲಿನ ಕಡೆ ದಪ್ಪವಾಗಿ, ಒಳಕ್ಕೆ ಬೆರಳು ಬೆರಳಾಗಿ ಚಾಚಿಕೊಂಡಿರುತ್ತದೆ. ಮೇಲ್ಮೈ ಜಾಸ್ತಿಯಾದಷ್ಟೂ ಕೊಡುಕೊಳ್ಳುವಿಕೆ ಜಾಸ್ತಿ. ಅದೇ ಅಂಡಕೋಶದ ಇನ್ನೊಂದು ತುದಿಯಲ್ಲಿ, ಅಂದರೆ ನಡುವಿನ ಕೋಶಕ್ಕೆ ತಾಗುವ ಕಡೆಯಲ್ಲಿ, ಬಹಳ ಗಿಡಗಳಲ್ಲಿ ಗೋಡೆ ತೀರಾ ತೆಳು, ಇಲ್ಲವೇ ಇಲ್ಲ. ಬರೀ ಪೊರೆ. ಗಂಡುಕೋಶ ಬಂದು ಸೇರಬೇಕಾದ್ದು ಅಲ್ಲೇ. ಹೊರಗೆ ಅಷ್ಟೆಲ್ಲ ಕಾವಲಿಟ್ಟವರು ಕೊನೆಯ ಕೋಣೆಗೆ ಬರೀ ಪರದೆ ಇಳಿಬಿಟ್ಟಿದ್ದಾರೆ!

ನಮ್ಮ ದೇಶದವರ ಪಾಲೂ ಇದೆ ಇದರಲ್ಲಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಕಾಂತಾ, ರಂಗಸ್ವಾಮಿ ಮತ್ತು ಪಂಚಾನನ ಮಹೇಶ್ವರಿ ಗಸಗಸೆ ಗಿಡದ ಅಂಡಕಗಳನ್ನು ಬಿಡಿಸಿ, ಕಾಂಪೌಂಡು ಗೋಡೆಯನ್ನೇ ತೆಗೆದು, ಗಾಜಿನ ನಳಿಕೆಯಲ್ಲಿ ಪರಾಗದ ಜೊತೆ ಇಟ್ಟರು. ಪರಾಗನಳಿಕೆಗಳು ಅಲ್ಲೇ ಬಾಗಿಲು ಹುಡುಕಿಕೊಂಡು ಹೋದವು, ಬೀಜವೂ ಆಯಿತು. ಇದು 1962ರ ಮಾತು. ಮನುಷ್ಯರ ಪ್ರಣಾಳ ಶಿಶು ಹುಟ್ಟಿದ್ದು 1978ರಲ್ಲಿ. ಮುಂದಿನ ಸಲ ಗಸಗಸೆ ಪಾಯಸ ಕುಡಿಯುವಾಗ ನೆನಪಿರಲಿ.

ಪ್ರಶ್ನೆ: ಟೀಚರೇ, ನಮ್ಮದು ಹೋಟೆಲು. ಚಟ್ನಿ ಬೆಳ್ಳಗೆ ಬರಬೇಕು ಅಂತ ಕಾಯಿಯ ಕಂದು ಸಿಪ್ಪೆ ಕೆತ್ತಿಸುತ್ತೇವೆ. ಆ ಸಿಪ್ಪೆ ಅಂದರೆ ಏನು? ಕರಟದ ಭಾಗವಾ? – ಥಾಣೆ

ಉತ್ತರ: ಅಲ್ಲ ಅಣ್ಣ. ಕರಟ ಹಣ್ಣಿನ ಗೋಡೆಯ ಒಳಪದರ, ನಾರು ಅದೇ ಗೋಡೆಯ ನಡುಪದರ. ಕಂದು ಸಿಪ್ಪೆ ಬೀಜದ್ದು, ಮೇಲೆ ಹೇಳಿದ ಕವಚದಿಂದ ಆದದ್ದು. ನಿಮ್ಮ ಹುಡುಗರು ದಿನಾ ಬೆಳಿಗ್ಗೆ ಕೆತ್ತಿ ಎಸೆಯುವುದು ಅಂಡಕದ ಕವಚವನ್ನೇ.

ಅದಕ್ಕಿಂತ ಮಜಾ ಒಳಗಿನ ನೀರು. 1898ರಲ್ಲಿ ಸೆರ್ಗೆಯ್ ನವಾಷಿನ್ ಎಂಬ ರಷ್ಯಾದ ವಿಜ್ಞಾನಿ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡದ್ದೇನೆಂದರೆ, ಪರಾಗನಳಿಕೆ ತರುವ ಎರಡು ಗಂಡುಕೋಶಗಳಲ್ಲಿ ಒಂದು ಅಂಡವನ್ನು ಸೇರುತ್ತದೆ, ಇನ್ನೊಂದು ಭ್ರೂಣಚೀಲದ ನಡುವಿನ ದೊಡ್ಡ ಕೋಶವನ್ನು. ಆ ಎರಡನೇ ಕೂಟದಿಂದ ಆಗುವುದು ಮಗುವಿನ ಬುತ್ತಿ. ತೆಂಗಿನಲ್ಲಿ ಈ ನಡುವಿನ ಕೋಶ ಒಡೆಯದೆ ಹಾಗೇ ಹಿಗ್ಗುತ್ತಾ ಹೋಗುತ್ತದೆ. ಕೋಶಕೇಂದ್ರಗಳು ಸಾವಿರಗಟ್ಟಲೆ ಆಗುತ್ತವೆ, ನಡುವೆ ಗೋಡೆ ಮಾತ್ರ ಏಳುವುದಿಲ್ಲ. ಎಲ್ಲ ಒಂದೇ ನೀರಿನಲ್ಲಿ ತೇಲುತ್ತಿರುತ್ತವೆ. ಅದೇ ಎಳನೀರು. ಆಮೇಲೆ ಅಂಚಿನಿಂದ ಗೋಡೆ ಏಳಲು ಶುರುವಾಗಿ ಪದರ ಕಟ್ಟುತ್ತದೆ, ಅದು ಕಾಯಿ. ಸ್ಟೇಷನ್ ಹೊರಗಿನ ಎಳನೀರಿನವನು ‘ಪಾನಿವಾಲಾ ಕಿ ಮಲಾಯಿವಾಲಾ?’ ಅಂತ ಕೇಳುತ್ತಾನಲ್ಲ, ಗೋಡೆ ಏಳುವ ಮುಂಚಿನದು ಬೇಕಾ, ಎದ್ದ ಮೇಲಿನದು ಬೇಕಾ ಅಂತ ಅದರ ಅರ್ಥ. ಅಂದಹಾಗೆ, ಸ್ಟ್ರಾ ಚುಚ್ಚಿ ಕುಡಿಯುವುದು ಊದಿಕೊಂಡ ಭ್ರೂಣಚೀಲದೊಳಗಿನ ನೀರನ್ನೇ. ಗಿರಾಕಿಗಳಿಗೆ ಮಾತ್ರ ಹೇಳಬೇಡಿ.

ಪ್ರಶ್ನೆ: ಗೋಡಂಬಿಯನ್ನು ತೋಟದಿಂದಲೇ ತಂದು ಸುಟ್ಟು ಒಡೆದೆವು. ಎಣ್ಣೆ ತಾಗಿ ಕೈ ಚರ್ಮ ಸುಲಿದು ಬಂತು. ಬೀಜದ ಸಿಪ್ಪೆಯಲ್ಲಿ ಇಷ್ಟು ವಿಷವೇ? – ವಾಸ್ಕೊ, ಗೋವಾ

ಉತ್ತರ: ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಒಡೆಯಬೇಕು, ಊರಲ್ಲಿ ಹಾಗೇ ಮಾಡುತ್ತಿದ್ದರು. ಆ ಎಣ್ಣೆ ಇರುವುದು ಬೀಜದ ಸಿಪ್ಪೆಯಲ್ಲಲ್ಲ, ಹಣ್ಣಿನ ಗೋಡೆಯಲ್ಲಿ. ಗೇರಿನ ನಿಜವಾದ ಹಣ್ಣು ಅಂದರೆ ಆ ಬೂದುಬಣ್ಣದ, ಮೂತ್ರಪಿಂಡದ ಆಕಾರದ್ದೇ. ಫೆನಿಗೆ ಹಿಂಡುವ ಕೆಂಪು ಹಳದಿ ಭಾಗ ಹೂವಿನ ತೊಟ್ಟು ಊದಿದ್ದು. ಚಿಪ್ಪಿನ ನಡುಪದರ ಜೇನುಗೂಡಿನಂತೆ, ಕಣಕಣದಲ್ಲೂ ಸುಡುವ ಎಣ್ಣೆ. ಬೀಜದ ಸಿಪ್ಪೆ ಅಂದರೆ ಗೋಡಂಬಿಗೆ ಅಂಟಿಕೊಂಡಿರುವ ಆ ತೆಳು ಕಂದು ಪೊರೆ, ಪಾಪ, ಉಗುರಿನಲ್ಲಿ ಕೆರೆದರೆ ಬರುತ್ತದೆ. ಹೊರಗಿನ ಗೋಡೆ ಇಷ್ಟು ಖಾರವಾಗಿದ್ದರೆ ಒಳಗಿನದು ಮೆತ್ತಗಿದ್ದರೂ ನಡೆಯುತ್ತದೆ.

ಪ್ರಶ್ನೆ: ದಾಳಿಂಬೆಯಲ್ಲಿ ನಾವು ತಿನ್ನುವುದು ಯಾವ ಭಾಗ? – ಪುಣೆ

ಉತ್ತರ: ಬೀಜದ ಸಿಪ್ಪೆ! ಹೊರಕವಚದ ಮೇಲ್ಪದರವೇ ರಸ ತುಂಬಿಕೊಂಡದ್ದು.

ಪ್ರಶ್ನೆ: ಊರಿನಿಂದ ತಂದ ಕಾಡುಮಾವಿನ ಗೊರಟು ಹೂತರೆ ಒಂದರಿಂದಲೇ ಮೂರು ಸಸಿ ಎದ್ದಿವೆ. ಮನೆಯವರು ಮೂರು ಗೊರಟು ಹಾಕಿದ್ದೆ ಅಂತ ನನ್ನ ಮೇಲೇ ಹೇಳುತ್ತಾರೆ. – ಪೋಂಡಾ, ಗೋವಾ

ಉತ್ತರ: ನೀವು ಹಾಕಿದ್ದು ಒಂದೇ, ನಾನು ನಂಬುತ್ತೇನೆ. ಪಶ್ಚಿಮ ಕರಾವಳಿಯ ಹಲವು ಮಾವುಗಳ ಗುಣ ಇದು. ಘಟ್ಟದ ಕೆಳಗಿನವರಿಗೆ ಹೊಸದಲ್ಲ.

ನ್ಯೂಸೆಲ್ಲಸ್ ಅಂತ ಹೇಳಿದೆನಲ್ಲ, ಭ್ರೂಣಚೀಲವನ್ನು ಒತ್ತಿ ಕೂತ ತಾಯಿಯ ಅಂಗಾಂಶ. ಈ ಮಾವುಗಳಲ್ಲಿ ಅದರ ಕೆಲವು ಕೋಶಗಳು ಇದ್ದಕ್ಕಿದ್ದಂತೆ ಒಡೆದು ಬೆಳೆದು, ಚೀಲದೊಳಕ್ಕೆ ನುಗ್ಗಿ, ತಾವೇ ಭ್ರೂಣವಾಗಿಬಿಡುತ್ತವೆ. ಗೋಡೆಯೇ ಮಗುವಾದ ಹಾಗೆ. ಅವಕ್ಕೆ ಅಪ್ಪ ಇಲ್ಲ, ತಾಯಿಮರದ ಪಡಿಯಚ್ಚು. ಪರಾಗದಿಂದ ಹುಟ್ಟಿದ ಭ್ರೂಣವೂ ಜೊತೆಯಲ್ಲಿ ಇರಬಹುದು, ಆದರೆ ಮೂರರಲ್ಲಿ ಅದು ಯಾವುದು ಅಂತ ಸಸಿ ನೋಡಿ ಹೇಳಲು ಆಗುವುದಿಲ್ಲ. ಆಪೂಸಿನ ಗೊರಟಿನಲ್ಲಿ ಇದನ್ನು ಹುಡುಕಬೇಡಿ, ಅದರದ್ದು ಒಂದೇ ಭ್ರೂಣ. ಆದ್ದರಿಂದಲೇ ಆಪೂಸಿಗೆ ಕಸಿ ಕಟ್ಟಲೇಬೇಕು, ಗೊರಟಿನಿಂದ ತಾಯಿಯ ರುಚಿ ಬರುವ ಭರವಸೆ ಇಲ್ಲ.

ಮಾವಿನ ಮರ ಇಲ್ಲದವರು ನಾಗಪುರದ ಕಿತ್ತಳೆಯ ಬೀಜ ಸುಲಿದು ನೋಡಿ. ಬಿಳಿ ಸಿಪ್ಪೆ, ಅದರೊಳಗೆ ಕಂದು ಪೊರೆ, ಅದರೊಳಗೆ ಹಸಿರು ಬಣ್ಣದ ಭ್ರೂಣಗಳು ಒಂದಕ್ಕೊಂದು ಅಂಟಿಕೊಂಡು, ದೊಡ್ಡದು ಸಣ್ಣದು. ಕಿತ್ತಳೆಯಲ್ಲಿ ಇದನ್ನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ಚರ ಲೇವನ್‌ಹುಕ್ 1719ರಷ್ಟು ಹಿಂದೆಯೇ ಗಮನಿಸಿದ್ದ. ಅವು ಗೋಡೆಯಿಂದ ಹುಟ್ಟಿದವು ಅಂತ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ತೋರಿಸಿಕೊಟ್ಟಿದ್ದು 1878ರಲ್ಲಿ. ಮನೆಯವರಿಗೆ ಈ ಪುಟ ತೋರಿಸಿ.

ಪ್ರಶ್ನೆ: ಮೈಸೂರಿನಿಂದ ಶ್ರೀಗಂಧದ ಬೀಜ ತಂದಿದ್ದೇನೆ. ಸಿಪ್ಪೆ ತುಂಬಾ ಗಟ್ಟಿ, ಮೊಳೆಯುತ್ತಿಲ್ಲ. – ನಿವೃತ್ತ ಅಧಿಕಾರಿ, ಪುಣೆ

ಉತ್ತರ: ಸರ್, ನೀವು ಸಿಪ್ಪೆ ಅನ್ನುತ್ತಿರುವುದು ಸಿಪ್ಪೆ ಅಲ್ಲ. ಶ್ರೀಗಂಧದ ಬೀಜಕ್ಕೆ ಸಿಪ್ಪೆಯೇ ಇಲ್ಲ! ಇದರ ಅಂಡಕಕ್ಕೆ ಕವಚಗಳಿರುವುದಿಲ್ಲ. ಬಾಗಿಲಿನ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಗೋಡೆಯೇ ಇಲ್ಲ. ಭ್ರೂಣಚೀಲ ಉದ್ದಕ್ಕೆ ಬೆಳೆದು ಅಂಡಕದಿಂದ ಹೊರಗೆ ಬಂದುಬಿಡುತ್ತದೆ. ಹಾಗಾಗಿ ಬೀಜ ಬಲಿತಾಗ ಅದರ ಮೈಮೇಲೆ ಸ್ವಂತ ಸಿಪ್ಪೆ ಅಂತ ಏನೂ ಇರುವುದಿಲ್ಲ, ಹಣ್ಣಿನ ಗೋಡೆಯ ಒಳಪದರ ಗಟ್ಟಿಯಾಗಿ ಆ ಕೆಲಸ ಮಾಡುತ್ತದೆ. ನಿಮಗೆ ಗಟ್ಟಿ ಅನಿಸಿದ್ದು ಅದು. ತುದಿಯಲ್ಲಿ ತುಸು ಬಿರುಕು ಬಿಡಿಸಿ ಹಾಕಿ ನೋಡಿ, ಒಳಗಿನ ಬಿಳಿ ತಿರುಳಿಗೆ ಪೆಟ್ಟಾಗಬಾರದು. ನರ್ಸರಿಯವರು ಮೊಳಕೆ ಎಬ್ಬಿಸುವ ಜಿಬ್ಬರೆಲಿಕ್ ಆಮ್ಲದ ನೀರಿನಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಮೊಳೆತ ಮೇಲೆ ಪಕ್ಕದಲ್ಲೇ ಒಂದು ತೊಗರಿ ಗಿಡ ಇರಲಿ, ಶ್ರೀಗಂಧ ಪಕ್ಕದವರ ಬೇರಿನಿಂದ ಹೀರಿ ಬದುಕುವ ಮರ.

ಇದಕ್ಕೂ ಮೀರಿದವರು ಬಂದಳಿಕೆಯ ಕಡೆಯವರು, ಮಾವಿನ ಮರದ ಮೇಲೆ ಕೂತು ಬದುಕುವ, ಮರಾಠಿಯವರು ಬಾಂಡ್‌ಗುಳ್ ಅನ್ನುವ ಗಿಡ. ಅದರ ಅಂಡಕಕ್ಕೂ ಕವಚ ಇಲ್ಲ, ಅಂಡಕ ಅಂತ ಬೇರೆಯಾಗಿ ಗುರುತಿಸುವುದೇ ಕಷ್ಟ. ಭ್ರೂಣಚೀಲಗಳು ಕೂತಲ್ಲಿ ಕೂರದೆ ಹೂವಿನ ಶಲಾಕೆಯೊಳಗೆ, ಅಂದರೆ ಅಂಡಾಶಯದ ಮೇಲೆ ನಿಂತ ಕಡ್ಡಿಯೊಳಗೆ, ಮೇಲಕ್ಕೆ ಹತ್ತುತ್ತವೆ, ಪರಾಗನಳಿಕೆಯನ್ನು ಅರ್ಧ ದಾರಿಯಲ್ಲೇ ಎದುರುಗೊಳ್ಳಲು ಹೊರಟವರ ಹಾಗೆ. ಬೀಜಕ್ಕೆ ಸಿಪ್ಪೆ ಇಲ್ಲದ ಕೊರತೆಯನ್ನು ಹಣ್ಣಿನ ಅಂಟು ತುಂಬುತ್ತದೆ. ಹಕ್ಕಿ ತಿಂದು, ಅಂಟು ಬಿಡಿಸಿಕೊಳ್ಳಲು ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದಲ್ಲ, ಅಲ್ಲೇ ಮೊಳೆಯುತ್ತದೆ.

ಪ್ರಶ್ನೆ: ಹೆಸರುಕಾಳು ಮೊಳಕೆ ಬರಿಸುವಾಗ ಕೆಲವು ಕಾಳು ಕಲ್ಲಿನ ಹಾಗೇ ಉಳಿಯುತ್ತವೆ. ಹಳೇ ಕಾಳಾ, ಕಲಬೆರಕೆಯಾ? – ಗೃಹಿಣಿ, ಮಾಟುಂಗಾ

ಉತ್ತರ: ಎರಡೂ ಅಲ್ಲ. ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಹೆಸರು, ಹುರುಳಿ ಇಂಥ ಕಾಳುಗಳ ಸಿಪ್ಪೆಯಲ್ಲಿ, ಹೊರಕವಚದ ಮೇಲ್ಪದರದ ಕೋಶಗಳು ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಕೆಲವು ಕಾಳುಗಳಲ್ಲಿ ಅದು ಎಷ್ಟು ಬಿಗಿ ಅಂದರೆ ನೀರು ಒಳಗೇ ಹೋಗುವುದಿಲ್ಲ, ಮೂತಿಯ ಬಾಗಿಲೂ ಮುಚ್ಚಿರುತ್ತದೆ. ಕಾಳು ಜೀವಂತವೇ. ಬ್ಲೇಡಿನಿಂದ ಸಿಪ್ಪೆಯನ್ನು ಒಂದು ಚೂರು ಗೀರಿ ಮತ್ತೆ ನೆನೆಹಾಕಿ, ಉಬ್ಬುತ್ತದೆ. ಕಾಡಿನಲ್ಲಿ ಇದು ಗಿಡಕ್ಕೆ ಲಾಭ, ಎಲ್ಲವೂ ಮೊದಲ ಮಳೆಗೇ ಮೊಳೆತು ಒಣಗಿ ಸಾಯುವುದು ತಪ್ಪುತ್ತದೆ. ಚೀನಾದ ಒಣಗಿದ ಕೆರೆಯ ಕೆಸರಿನಿಂದ ತೆಗೆದ ತಾವರೆಯ ಬೀಜವೊಂದು ಸುಮಾರು 1300 ವರ್ಷದ ಮೇಲೆ ಮೊಳೆತದ್ದುಂಟು. ಅಲ್ಲಿ ಗಟ್ಟಿ ಇದ್ದದ್ದು ಹಣ್ಣಿನ ಗೋಡೆ.

ಅಡುಗೆಮನೆಯಲ್ಲಿ ಮಾತ್ರ ಯಾರಿಗೂ ಲಾಭ ಇಲ್ಲ. ಎರಡು ವರ್ಷದ ಹಿಂದೆ ಚೌತಿಯ ದಿನ ನೆಂಟರಿಗೆಂದು ಮಾಡಿದ ಉಸಲಿಯಲ್ಲಿ ಇಂಥದ್ದೊಂದು ಕಾಳು ನನ್ನ ಪಾಲಿಗೇ ಬಂದು, ಬಲಗಡೆಯ ದವಡೆಹಲ್ಲಿನ ಚೂರು ಹಾರಿಹೋಯಿತು. ನೆಂಟರ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆವತ್ತಿನಿಂದ ನೆನೆಸಿದ ಕಾಳನ್ನು ತಟ್ಟೆಯಲ್ಲಿ ಹರಡಿ, ಉಬ್ಬದೇ ಇದ್ದದ್ದನ್ನು ಬೆರಳಿನಿಂದ ತಡವಿ ಆರಿಸಿ ತೆಗೆಯುತ್ತೇನೆ. ಕತ್ತಲಲ್ಲೂ ಸಿಕ್ಕುತ್ತವೆ, ಅಷ್ಟು ನುಣುಪು.